ಮದ್ದಿನೊಡನೆ ಊರೂ ಬೇಕು

ಕಾಲು ಮುರಿದುಕೊಂಡವನು ಆಸ್ಪತ್ರೆಯಿಂದ ಮನೆಗೆ ಮರಳಿದರೆ ಊರು ಅವನನ್ನು ನೋಡಲು ಬರುತ್ತದೆ. ನೆರೆಯವರು ಹಾಲು ಹಣ್ಣು ತರುತ್ತಾರೆ, ಅಣ್ಣತಮ್ಮಂದಿರು ಹೊಲದ ಕೆಲಸವನ್ನು ಹಂಚಿಕೊಳ್ಳುತ್ತಾರೆ, ಅವನು ಕೋಲೂರಿಕೊಂಡು ಅಂಗಳಕ್ಕೆ ಬಂದ ದಿನ ಎಲ್ಲರೂ ಸಂತೋಷಪಡುತ್ತಾರೆ. ಮನಸ್ಸಿನ ಕಾಯಿಲೆಗೆ ಚಿಕಿತ್ಸೆ ಪಡೆದು ಮರಳಿದವನ ಪಾಡು ಬೇರೆ. ಜನರು ಅವನ ಮುಂದೆ ಮಾತು ತಗ್ಗಿಸುತ್ತಾರೆ. ಮದುವೆಯ ಕರೆ ಮನೆಯ ಉಳಿದವರಿಗೆ ಬರುತ್ತದೆ, ಅವನಿಗೆ ಬರುವುದಿಲ್ಲ. ಹೊಲಕ್ಕೆ ಹೋಗುತ್ತೇನೆಂದರೆ ‘ನೀ ಸುಮ್ಮನೆ ಕೂಡು’ ಎನ್ನುತ್ತಾರೆ. ಹೀಗೆ ಕೂತವನು ಕೂತಲ್ಲೇ ಉಳಿದು, ಮಾತ್ರೆಯೂ ಬೇಸರವಾಗಿ, ಒಂದು ದಿನ ಅದನ್ನು ಬಿಟ್ಟು, ಆರು ತಿಂಗಳೊಳಗೆ ಮತ್ತೆ ಅದೇ ಆಸ್ಪತ್ರೆಯ ಬಾಗಿಲಿಗೆ ಹೋಗುತ್ತಾನೆ. ಆಗ ಊರು ‘ಈ ರೋಗ ವಾಸಿಯಾಗುವುದಲ್ಲ’ ಎಂದು ತೀರ್ಪು ಕೊಡುತ್ತದೆ. ಆ ತೀರ್ಪಿನಲ್ಲಿ ತನ್ನದೇ ಪಾಲೆಷ್ಟು ಎಂಬುದನ್ನು ಊರು ಲೆಕ್ಕ ಹಾಕುವುದಿಲ್ಲ.

ಮನೋರೋಗಕ್ಕೆ ಮದ್ದು ಅವಶ್ಯ. ಇದರಲ್ಲಿ ಎರಡು ಮಾತಿಲ್ಲ. ಆದರೆ ಮದ್ದು ಮಾಡುವ ಕೆಲಸಕ್ಕೆ ಒಂದು ಎಲ್ಲೆಯಿದೆ. ಕಿವಿಯಲ್ಲಿ ಕೇಳುವ ಇಲ್ಲದ ದನಿಗಳನ್ನು ಅದು ಅಡಗಿಸಬಲ್ಲದು, ಕೆಟ್ಟ ನಿದ್ದೆಯನ್ನು ಸರಿಪಡಿಸಬಲ್ಲದು, ಕುಗ್ಗಿದ ಜೀವಕ್ಕೆ ಎದ್ದು ಕೂಡುವಷ್ಟು ಬಲ ಕೊಡಬಲ್ಲದು. ಎದ್ದು ಕೂತವನಿಗೆ ಮಾಡಲೊಂದು ಕೆಲಸ, ಉಣ್ಣಲೊಂದು ಪಂಕ್ತಿ, ಮಾತಾಡಲು ಒಬ್ಬ ಮನುಷ್ಯ ಬೇಕಾಗುತ್ತಾನೆ. ಅವನ್ನು ಯಾವ ಔಷಧದ ಅಂಗಡಿಯಲ್ಲಿಯೂ ಮಾರುವುದಿಲ್ಲ. ಅವು ಊರಿನ ಕೈಯಲ್ಲಿವೆ. ಕಳೆದ ಎಪ್ಪತ್ತು ವರ್ಷಗಳ ವೈದ್ಯಕೀಯ ಅನುಭವವೂ ಇದನ್ನೇ ಮತ್ತೆ ಮತ್ತೆ ತೋರಿಸಿಕೊಟ್ಟಿದೆ.

ವಲಾಂಡಿಯ ಸುತ್ತಣ ಸೀಮೆಗೆ ಈ ಮಾತು ಇನ್ನೂ ಹತ್ತಿರದ್ದು. ದೇವಣಿ, ಉದಗೀರ, ನಿಲಂಗಾ, ಉಮರ್ಗಾ ತಾಲೂಕುಗಳ ಗಡಿಹಳ್ಳಿಗಳಿಂದ ಕರ್ನಾಟಕ ಕೂಗಳತೆಯಲ್ಲಿದೆ. ಆದರೆ ದೊಡ್ಡ ಮನೋರೋಗ ಆಸ್ಪತ್ರೆಗಳು ಎರಡೂ ದಿಕ್ಕಿಗೆ ದೂರ. ಮಹಾರಾಷ್ಟ್ರದ ಹಳೆಯ ನಾಲ್ಕು ಪ್ರಾದೇಶಿಕ ಮನೋರುಗ್ಣಾಲಯಗಳು ಪುಣೆ, ಠಾಣೆ, ನಾಗಪುರ, ರತ್ನಾಗಿರಿಗಳಲ್ಲಿವೆ. ಮರಾಠವಾಡದಲ್ಲಿ ಅವುಗಳಲ್ಲಿ ಒಂದೂ ಇಲ್ಲ. ಕರ್ನಾಟಕದ ಕಡೆಗೆ ಹೊರಟರೆ ಧಾರವಾಡದ ಡಿಮ್ಹಾನ್ಸ್, ಬೆಂಗಳೂರಿನ ನಿಮ್ಹಾನ್ಸ್. ಒಂದು ಸಲ ಹೋಗಿ ಬರುವುದೇ ಕೂಲಿಕಾರನ ಮನೆಗೆ ತಿಂಗಳ ದುಡಿಮೆಯ ಮಾತು. ಹೀಗಿರುವಾಗ ರೋಗಿಯ ವರ್ಷದ ಮುನ್ನೂರು ಚಿಲ್ಲರೆ ದಿನಗಳು ಕಳೆಯುವುದು ಮನೆಯಲ್ಲಿ, ಓಣಿಯಲ್ಲಿ, ಹೊಲದಲ್ಲಿ. ಆ ದಿನಗಳು ಹೇಗಿರುತ್ತವೆ ಎಂಬುದರ ಮೇಲೆಯೇ ಅವನು ಗುಣವಾಗುವುದೂ ಆಗದಿರುವುದೂ ನಿಂತಿದೆ.

ಈ ಸೀಮೆ ಮನಸ್ಸಿನ ನೋವನ್ನು ಒಮ್ಮೆ ಸಾಮೂಹಿಕವಾಗಿ ಕಂಡಿದೆ. 1993ರ ಸೆಪ್ಟೆಂಬರ್ 30ರ ಬೆಳಗಿನ ಜಾವ, ಗಣಪತಿಯನ್ನು ಕಳುಹಿಸಿ ಮಲಗಿದ್ದ ಲಾತೂರು ಮತ್ತು ಆಗಿನ ಉಸ್ಮಾನಾಬಾದ್ ಜಿಲ್ಲೆಗಳ ಹಳ್ಳಿಗಳು ಕಿಲ್ಲಾರಿಯ ಭೂಕಂಪದಲ್ಲಿ ಕುಸಿದವು. ಸುಮಾರು ಹತ್ತು ಸಾವಿರ ಜನ ಸತ್ತರು. ಮಣ್ಣಿನಲ್ಲಿ ಕಟ್ಟಿದ ದಪ್ಪ ಕಲ್ಲಿನ ಗೋಡೆಗಳೂ ಭಾರವಾದ ಮಾಳಿಗೆಗಳೂ ಮಲಗಿದವರ ಮೇಲೆ ಬಿದ್ದುದರಿಂದ ಸಾವು ಅಷ್ಟು ಹೆಚ್ಚಾಯಿತು. ಒಂದು ತಿಂಗಳ ತರುವಾಯ ಮನೋವೈದ್ಯರ ತಂಡವೊಂದು ಬದುಕುಳಿದವರ ಚಿಕ್ಕ ಗುಂಪೊಂದನ್ನು ಪರೀಕ್ಷಿಸಿ, ಅವರಲ್ಲಿ ಅರ್ಧಕ್ಕಿಂತ ಹೆಚ್ಚು ಮಂದಿ ಆಘಾತಜನ್ಯ ಕಾಯಿಲೆ ಅಥವಾ ಖಿನ್ನತೆಯಂಥ ತೊಂದರೆಗಳಿಂದ ಬಳಲುತ್ತಿರುವುದನ್ನು ದಾಖಲಿಸಿತು. ಹೆಂಗಸರಲ್ಲಿಯೂ, ಸರ್ವಸ್ವವನ್ನೂ ಕಳೆದುಕೊಂಡು ನಿರ್ಗತಿಕರಾದವರಲ್ಲಿಯೂ ಈ ನೋವು ಹೆಚ್ಚಾಗಿತ್ತು. ಆ ವರದಿ 1996ರಲ್ಲಿ ಅಮೆರಿಕದ ಮನೋವೈದ್ಯಕೀಯ ಪತ್ರಿಕೆಯಲ್ಲಿ ಪ್ರಕಟವಾಯಿತು.

ಅಷ್ಟು ಜನರಿಗೆ ಮನೋವೈದ್ಯರು ಎಲ್ಲಿಂದ ಬರಬೇಕು? ಬಹುಪಾಲು ಜನ ಚೇತರಿಸಿಕೊಂಡದ್ದು ಬೇರೆ ದಾರಿಗಳಿಂದ. 1994ರಲ್ಲಿ ಸರ್ಕಾರ ವಿಶ್ವಬ್ಯಾಂಕಿನ ನೆರವಿನಿಂದ ಪುನರ್ವಸತಿ ಯೋಜನೆಯನ್ನು ಆರಂಭಿಸಿತು. ಅದರಲ್ಲಿ ಮನೆಗಳ ದುರಸ್ತಿಗೆ ಜನರನ್ನು ಜೊತೆಗೂಡಿಸುವ ಹೊಣೆಯನ್ನು ಪ್ರೇಮಾ ಗೋಪಾಲನ್ ಅವರ ‘ಸ್ವಯಂ ಶಿಕ್ಷಣ ಪ್ರಯೋಗ’ ಹೊತ್ತುಕೊಂಡಿತು. ಹಳ್ಳಿ ಹಳ್ಳಿಗಳಿಂದ ಹೆಂಗಸರನ್ನು ಆರಿಸಿ ‘ಸಂವಾದ ಸಹಾಯಕ’ರೆಂದು ನೇಮಿಸಲಾಯಿತು. ಮನೆಯ ಹೊಸ್ತಿಲು ದಾಟಿ ಸಭೆಗೆ ಬಾರದಿದ್ದವರು ಸಿಮೆಂಟಿನ ಲೆಕ್ಕ ಕೇಳತೊಡಗಿದರು, ಗೋಡೆಗೆ ಹಾಕುವ ಕಬ್ಬಿಣದ ಅಳತೆ ಕಲಿತರು, ಇನ್ನೊಬ್ಬಳ ಮನೆಯ ಕಡತವನ್ನು ಹಿಡಿದು ಅಧಿಕಾರಿಯ ಮೇಜಿನವರೆಗೆ ನಡೆದರು. ಮುಂದೆ ಅದೇ ಗುಂಪುಗಳಿಂದ ಬಚತ್ ಗಟಗಳು ಬೆಳೆದವು. ಯಾರೂ ಅದನ್ನು ಮಾನಸಿಕ ಚಿಕಿತ್ಸೆ ಎಂದು ಕರೆಯಲಿಲ್ಲ. ಆದರೆ ದುಃಖ ಹೊತ್ತ ಹೆಂಗಸಿಗೆ ದಿನಕ್ಕೊಂದು ಕೆಲಸ, ವಾರಕ್ಕೊಂದು ಸಭೆ, ತನ್ನಂತೆಯೇ ನೊಂದ ಹತ್ತು ಜನರ ಸಂಗ ದೊರೆತದ್ದು ಎಂಥ ಆಸರೆಯೆಂಬುದನ್ನು ಬಿಡಿಸಿ ಹೇಳಬೇಕಾಗಿಲ್ಲ.

ಮಕ್ಕಳ ವಿಷಯದಲ್ಲಿಯೂ ಹೀಗೆಯೇ. ಶಾಂತಿಲಾಲ್ ಮುಥಾ ಅವರ ಭಾರತೀಯ ಜೈನ ಸಂಘಟನೆಯು ಭೂಕಂಪಪೀಡಿತ ಸುಮಾರು 1,200 ಮಕ್ಕಳನ್ನು ಪುಣೆಗೆ ಕರೆದೊಯ್ದು ಓದಿಸಿತು. ವಾಘೋಲಿಯ ವಿದ್ಯಾಸಂಕುಲ ಅದರಿಂದ ಬೆಳೆಯಿತು. ಒಂದೇ ರಾತ್ರಿಯ ನೆನಪನ್ನು ಹೊತ್ತ ಮಕ್ಕಳು ಒಟ್ಟಿಗೆ ಉಂಡು, ಒಟ್ಟಿಗೆ ಪಾಠ ಕೇಳಿ ಬೆಳೆದರು. ಶಾಲೆಯ ಗಂಟೆಯೇ ಅವರ ದಿನಕ್ಕೆ ಒಂದು ಕ್ರಮವನ್ನು ಮರಳಿ ತಂದಿತು.

ಅದೇ ಭೂಕಂಪ ಇನ್ನೊಂದು ಪಾಠವನ್ನೂ ಬಿಟ್ಟುಹೋಯಿತು. ತೀವ್ರವಾಗಿ ಹಾಳಾದ 52 ಹಳ್ಳಿಗಳನ್ನು ಹೊಸ ಜಾಗಗಳಲ್ಲಿ ಕಟ್ಟಲಾಯಿತು. ಅಗಲವಾದ ನೇರ ರಸ್ತೆಗಳು, ಸಾಲುಸಾಲಾದ ಮನೆಗಳು. ಹಳೆಯ ಊರಿನಲ್ಲಿ ಓಣಿ, ಕಟ್ಟೆ, ಬಾವಿ, ಗುಡಿಯಂಗಳಗಳಲ್ಲಿ ದಿನವೂ ಮುಖ ನೋಡುತ್ತಿದ್ದ ಭಾವಬಂಧುಗಳು ಹಲವೆಡೆ ದೂರದೂರದ ಸಾಲುಗಳಿಗೆ ಹಂಚಿಹೋದರು. ಮನೆ ಗಟ್ಟಿಯಾಯಿತು, ನೆರೆ ಸಡಿಲವಾಯಿತು ಎಂದು ಪುನರ್ವಸತಿಯನ್ನು ಅಭ್ಯಾಸ ಮಾಡಿದ ವಾಸ್ತುತಜ್ಞರು ಟೀಕಿಸಿದರು. ನೆರೆಹೊರೆಯೆಂಬುದು ಗೋಡೆಯಷ್ಟೇ ನಿಜವಾದ ಆಸರೆ; ಅದನ್ನು ಕೂಡ ಯೋಚಿಸಿಯೇ ಕಟ್ಟಬೇಕಾಗುತ್ತದೆ.

ಭೂಕಂಪದ ದುಃಖ ಬೇರೆ, ವರ್ಷಗಟ್ಟಲೆ ಕಾಡುವ ತೀವ್ರ ಮನೋರೋಗ ಬೇರೆ ಎಂಬ ಆಕ್ಷೇಪಕ್ಕೆ ಇಲ್ಲಿ ಎಡೆಯಿದೆ. ಅದು ಸರಿಯಾದ ಆಕ್ಷೇಪವೇ. ಸ್ಕಿಜೋಫ್ರೇನಿಯಾದಂಥ ಕಾಯಿಲೆಯಲ್ಲಿ ಮನುಷ್ಯ ಇಲ್ಲದ್ದನ್ನು ಕೇಳುತ್ತಾನೆ, ತನ್ನವರನ್ನೇ ಶಂಕಿಸುತ್ತಾನೆ, ಸ್ನಾನ ಊಟಗಳನ್ನು ಮರೆಯುತ್ತಾನೆ. ಸಂಗಸಹವಾಸದಿಂದ ಮಾತ್ರ ಅದು ಹೋಗದು. ಹಾಗಾದರೆ ಅಂಥವರ ಚೇತರಿಕೆಯಲ್ಲಿ ಮನೆಗೂ ಊರಿಗೂ ಪಾಲಿದೆಯೇ ಎಂಬ ಪ್ರಶ್ನೆಗೆ ಉತ್ತರ ಈ ದೇಶದಲ್ಲಿಯೇ ದೊರೆತಿದೆ.

1950ರ ದಶಕದಲ್ಲಿ ಅಮೃತಸರದ ಮಾನಸಿಕ ಆಸ್ಪತ್ರೆ ರೋಗಿಗಳಿಂದ ತುಂಬಿ ತುಳುಕುತ್ತಿತ್ತು. ಅಲ್ಲಿನ ವೈದ್ಯ ವಿದ್ಯಾಸಾಗರ್ ಅವರು ಆಸ್ಪತ್ರೆಯ ಆವರಣದಲ್ಲಿ ಡೇರೆಗಳನ್ನು ಹಾಕಿಸಿ, ರೋಗಿಯ ಮನೆಯವರನ್ನು ಕರೆಸಿ ಜೊತೆಯಲ್ಲಿ ಇರಿಸಿದರು. ಮಗನಿಗೆ ಉಣ್ಣಿಸುವುದು, ಮಾತ್ರೆ ಕೊಡುವುದು, ಸಿಟ್ಟು ಬಂದಾಗ ಸಂಭಾಳಿಸುವುದನ್ನು ತಾಯಿ ಅಲ್ಲಿಯೇ ನೋಡಿ ಕಲಿತಳು. ರೋಗವೆಂದರೆ ಶಾಪವಲ್ಲ, ಗುಣವಾಗುವ ವಸ್ತು ಎಂಬುದನ್ನು ಪಕ್ಕದ ಡೇರೆಯವರನ್ನು ನೋಡಿ ನಂಬಿದಳು. ರೋಗಿಗಳು ಬೇಗ ಮನೆಗೆ ಮರಳತೊಡಗಿದರು. ತರುವಾಯ ವೆಲ್ಲೂರಿನಲ್ಲಿಯೂ ಬೆಂಗಳೂರಿನಲ್ಲಿಯೂ ರೋಗಿಯ ಕುಟುಂಬಕ್ಕೆ ಜೊತೆಗಿರಲು ಅವಕಾಶ ಕೊಡುವ ವಾರ್ಡುಗಳು ಬಂದವು. ಪಶ್ಚಿಮ ದೇಶಗಳಲ್ಲಿ ರೋಗಿಯನ್ನು ಮನೆಯವರಿಂದ ದೂರವಿಡುವುದೇ ಪದ್ಧತಿಯಾಗಿದ್ದ ಕಾಲ ಅದು.

ಮುಂದಿನ ಹೆಜ್ಜೆಯನ್ನು ಕನ್ನಡನಾಡು ಇಟ್ಟಿತು. ಎಲ್ಲರೂ ಬೆಂಗಳೂರಿಗೆ ಬರಲಾರರು, ಆದ್ದರಿಂದ ಚಿಕಿತ್ಸೆಯೇ ಹಳ್ಳಿಗೆ ಹೋಗಬೇಕು ಎಂಬ ವಿಚಾರದಿಂದ ನಿಮ್ಹಾನ್ಸ್ 1970ರ ದಶಕದಲ್ಲಿ ಬೆಂಗಳೂರಿನ ಹತ್ತಿರದ ಸಕಲವಾರದಲ್ಲಿ ಗ್ರಾಮೀಣ ಕೇಂದ್ರವನ್ನು ನಡೆಸಿತು. 1985ರಿಂದ 1990ರವರೆಗೆ ಬಳ್ಳಾರಿ ಜಿಲ್ಲೆಯಲ್ಲಿ ಈ ಪ್ರಯೋಗ ದೊಡ್ಡದಾಗಿ ನಡೆಯಿತು. ಪ್ರಾಥಮಿಕ ಆರೋಗ್ಯ ಕೇಂದ್ರದ ಸಾಮಾನ್ಯ ವೈದ್ಯರಿಗೆ ಮನೋರೋಗಗಳ ಚಿಕಿತ್ಸೆಯನ್ನು ಕಲಿಸಲಾಯಿತು. ಮನೆಮನೆಗೆ ಹೋಗುವ ಆರೋಗ್ಯ ಕಾರ್ಯಕರ್ತರಿಗೆ ರೋಗದ ಲಕ್ಷಣಗಳನ್ನು ಗುರುತಿಸುವುದನ್ನೂ, ಮಾತ್ರೆ ಬಿಟ್ಟವರನ್ನು ಮತ್ತೆ ಕರೆತರುವುದನ್ನೂ ಕಲಿಸಲಾಯಿತು. ಅವಶ್ಯವಾದ ಕೆಲವೇ ಔಷಧಗಳು ಹಳ್ಳಿಯ ಹತ್ತಿರವೇ ದೊರೆಯುವಂತಾಯಿತು. ಇದೇ ಬಳ್ಳಾರಿ ಮಾದರಿಯನ್ನು ಆಧರಿಸಿ 1996ರಲ್ಲಿ ಭಾರತ ಸರ್ಕಾರ ಜಿಲ್ಲಾ ಮಾನಸಿಕ ಆರೋಗ್ಯ ಕಾರ್ಯಕ್ರಮವನ್ನು ಜಾರಿಗೆ ತಂದಿತು. ಇಂದು ಲಾತೂರು, ಧಾರಾಶಿವ, ಬೀದರ ಜಿಲ್ಲೆಗಳವರು ಸರ್ಕಾರಿ ಜಿಲ್ಲಾ ವ್ಯವಸ್ಥೆಯಲ್ಲಿ ಕೇಳಬಹುದಾದ ಸೇವೆಯ ಮೂಲ ಅಲ್ಲಿದೆ.

ತರುವಾಯ ಮಲೆನಾಡಿನ ತೀರ್ಥಹಳ್ಳಿ ತಾಲೂಕಿನಲ್ಲಿ ನಿಮ್ಹಾನ್ಸ್‌ನ ವೈದ್ಯರು ಸ್ಕಿಜೋಫ್ರೇನಿಯಾ ಇದ್ದವರನ್ನು ಹಳ್ಳಿ ಹಳ್ಳಿಗಳಲ್ಲಿ ಗುರುತಿಸಿ, ಹತ್ತಿರದಲ್ಲಿಯೇ ಚಿಕಿತ್ಸೆ ಕೊಟ್ಟು, ವರ್ಷಗಳ ಕಾಲ ಬೆನ್ನು ಹತ್ತಿ ನೋಡಿದರು. ಚಿಕಿತ್ಸೆ ಪಡೆದವರ ಅಶಕ್ತತೆ ಪಡೆಯದವರಿಗಿಂತ ಕಡಿಮೆಯಿತ್ತು. ಅನೇಕರು ಮನೆಯಲ್ಲಿದ್ದುಕೊಂಡೇ ಹೊಲ ತೋಟಗಳ ಕೆಲಸಕ್ಕೆ ಮರಳಿದ್ದರು. ಮಹಾರಾಷ್ಟ್ರದ ಸಾತಾರಾ, ಗೋವಾ ಮತ್ತು ತಮಿಳುನಾಡುಗಳಲ್ಲಿ ನಡೆದ ಇನ್ನೊಂದು ಅಧ್ಯಯನದ ಫಲಿತಾಂಶ 2014ರಲ್ಲಿ ‘ಲ್ಯಾನ್ಸೆಟ್’ ಪತ್ರಿಕೆಯಲ್ಲಿ ಬಂತು. ಅದರಲ್ಲಿ 282 ಜನರನ್ನು ಎರಡು ಗುಂಪು ಮಾಡಿ, ಒಂದು ಗುಂಪಿಗೆ ಆಸ್ಪತ್ರೆಯ ಚಿಕಿತ್ಸೆಯನ್ನು ಮಾತ್ರ, ಇನ್ನೊಂದಕ್ಕೆ ಅದರ ಜೊತೆಗೆ ತರಬೇತಿ ಪಡೆದ ಊರಿನ ಕಾರ್ಯಕರ್ತರ ಮನೆಭೇಟಿಯನ್ನು ಒದಗಿಸಲಾಗಿತ್ತು. ಆ ಕಾರ್ಯಕರ್ತರು ವೈದ್ಯರಲ್ಲ. ಅವರು ಕುಟುಂಬಕ್ಕೆ ರೋಗದ ತಿಳಿವಳಿಕೆ ಕೊಟ್ಟರು, ಮಾತ್ರೆಯ ನೆನಪು ಮಾಡಿದರು, ಕೆಲಸ ಮತ್ತು ಸರ್ಕಾರಿ ಸವಲತ್ತುಗಳನ್ನು ದೊರಕಿಸಲು ಓಡಾಡಿದರು. ವರ್ಷದ ಕೊನೆಗೆ ಮನೆಭೇಟಿ ಪಡೆದವರ ಸ್ಥಿತಿ ಸ್ವಲ್ಪ ಮಟ್ಟಿಗೆ ಉತ್ತಮವಾಗಿತ್ತು. ಅಂತರ ಭಾರೀ ದೊಡ್ಡದೇನಲ್ಲ. ಆದರೆ ಸ್ವಂತ ಕೈಯಿಂದ ಸ್ನಾನ ಮಾಡುವುದು, ನಾಲ್ಕು ಜನರೊಡನೆ ಕೂಡುವುದು, ದುಡಿಯುವುದು ಎಂಬಂಥ ಸಂಗತಿಗಳಲ್ಲಿ ಅಲ್ಪ ಸುಧಾರಣೆಯೂ ಒಂದು ಮನೆಯ ಬಾಳನ್ನು ಬದಲಿಸುತ್ತದೆ.

ಬರ ಮತ್ತು ಸಾಲದ ಸಂಕಟ ಬಲ್ಲ ಈ ಭಾಗದ ರೈತರಿಗೆ ವಿದರ್ಭದ ಅನುಭವವೂ ತಿಳಿದಿರಬೇಕು. ಅಮರಾವತಿ ಜಿಲ್ಲೆಯ 30 ಹಳ್ಳಿಗಳಲ್ಲಿ ‘ವಿಶ್ರಾಮ’ ಎಂಬ ಕಾರ್ಯಕ್ರಮ ನಡೆಯಿತು. ಹಳ್ಳಿಯವರೇ ಆದ ಕಾರ್ಯಕರ್ತರು ಖಿನ್ನತೆಯ ಬಗ್ಗೆ ಸಣ್ಣ ಸಣ್ಣ ಸಭೆಗಳನ್ನು ನಡೆಸಿದರು, ನೊಂದವರ ಮಾತನ್ನು ಕೇಳಿದರು, ಅವಶ್ಯವಿದ್ದವರನ್ನು ವೈದ್ಯರಿಗೆ ಕಳುಹಿಸಿದರು. ಖಿನ್ನತೆಯಿದ್ದವರಲ್ಲಿ ನೆರವು ಕೇಳಿದವರ ಪ್ರಮಾಣ ಹದಿನೆಂಟು ತಿಂಗಳಲ್ಲಿ ಶೇಕಡ 4.3ರಿಂದ 27.2ಕ್ಕೆ ಏರಿತು. ನೋವನ್ನು ಬಾಯಿಬಿಟ್ಟು ಹೇಳಿದರೆ ಹಂಗಿಸುವವರಿಲ್ಲ ಎಂದು ಖಾತ್ರಿಯಾದಾಗ ಜನ ಹೇಳುತ್ತಾರೆ ಎಂಬುದಕ್ಕೆ ಇದೊಂದು ಸಾಕ್ಷಿ.

ದೂರದ ಬೆಲ್ಜಿಯಂ ದೇಶದ ಗೀಲ್ ಎಂಬ ಪಟ್ಟಣದ ಕಥೆ ಇನ್ನೂ ಹಳೆಯದು. ಅಲ್ಲಿನ ಸಂತ ಡಿಂಫ್ನಾಳ ಸನ್ನಿಧಿಗೆ ಹದಿಮೂರನೆಯ ಶತಮಾನದಿಂದಲೇ ಮನೋರೋಗಿಗಳನ್ನು ಹರಕೆ ಹೊತ್ತು ಕರೆತರುತ್ತಿದ್ದರು. ಚರ್ಚಿನಲ್ಲಿ ಜಾಗ ಸಾಲದಾದಾಗ ಊರವರು ಅವರನ್ನು ತಮ್ಮ ಮನೆಗಳಲ್ಲಿ ಇರಿಸಿಕೊಂಡರು. ಆ ರೂಢಿ ಇಂದಿಗೂ ನಿಂತಿಲ್ಲ. 1930ರ ದಶಕದ ಕೊನೆಯಲ್ಲಿ ಮೂರೂವರೆ ಸಾವಿರಕ್ಕೂ ಮಿಕ್ಕ ರೋಗಿಗಳು ಅಲ್ಲಿನ ಸಂಸಾರಗಳಲ್ಲಿ ವಾಸವಾಗಿದ್ದರು. ಅವರು ಹೊಲದಲ್ಲಿ ದುಡಿದರು, ಮಕ್ಕಳನ್ನು ಆಡಿಸಿದರು, ಮನೆಯವರೊಡನೆ ಉಂಡರು. ತಲೆಮಾರುಗಳಿಂದ ಅವರ ನಡುವೆಯೇ ಬೆಳೆದ ಊರಿಗೆ ಮನೋರೋಗವೆಂದರೆ ಭಯವಿರಲಿಲ್ಲ.

ಇದನ್ನೆಲ್ಲ ಓದಿ ಹಳ್ಳಿಯೆಂದರೆ ತಾನಾಗಿಯೇ ಕರುಣೆಯ ತೊಟ್ಟಿಲು ಎಂದುಕೊಂಡರೆ ತಪ್ಪಾಗುತ್ತದೆ. ರೋಗಿಯನ್ನು ದನದ ಕೊಟ್ಟಿಗೆಯಲ್ಲಿ ಕಟ್ಟಿಹಾಕುವುದೂ ಹಳ್ಳಿಯೇ, ಅವನ ತಂಗಿಯ ಮದುವೆಗೆ ಅಡ್ಡಿಯಾಗುವುದೂ ಹಳ್ಳಿಯ ಮಾತೇ. ತಮಿಳುನಾಡಿನ ಏರ್ವಾಡಿಯಲ್ಲಿ 2001ರ ಆಗಸ್ಟ್ 6ರಂದು, ದರ್ಗಾದ ಆಸುಪಾಸಿನ ಖಾಸಗಿ ಆಶ್ರಯವೊಂದಕ್ಕೆ ಬೆಂಕಿ ಬಿದ್ದಾಗ, ಸರಪಳಿಯಲ್ಲಿ ಕಟ್ಟಿದ್ದ 28 ಜನ ಓಡಲಾರದೆ ಸತ್ತರು. ದೇವರ ಮೇಲಿನ ನಂಬಿಕೆ ಅವರನ್ನು ಕೊಲ್ಲಲಿಲ್ಲ, ಸರಪಳಿ ಕೊಂದಿತು. ಗುಜರಾತಿನ ಮೀರಾ ದಾತಾರ್ ದರ್ಗಾದಲ್ಲಿ ನಂಬಿಕೆಯನ್ನು ಬಿಡಿಸದೆಯೇ ಬೇರೊಂದು ದಾರಿಯನ್ನು ತೆರೆದಿದ್ದಾರೆ. ಅಲ್ಲಿ ‘ದವಾ ಔರ್ ದುವಾ’ ಎಂಬ ಹೆಸರಿನಲ್ಲಿ ಪ್ರಾರ್ಥನೆಯೂ ನಡೆಯುತ್ತದೆ, ಮನೋವೈದ್ಯರ ಮಾತ್ರೆಯೂ ದೊರೆಯುತ್ತದೆ. ಗುಡಿಗೋ ದರ್ಗಾಕ್ಕೋ ಹೋಗಿ ಹರಕೆ ತೀರಿಸಿ ಬರುವ ಮನೆಯವರನ್ನು ಹಂಗಿಸುವ ಬದಲು, ಹರಕೆಯ ಜೊತೆಗೆ ಮಾತ್ರೆ ನಡೆಯಲಿ ಎಂದರೆ ಅವರು ಕೇಳುತ್ತಾರೆ.

ಕಾನೂನು ಕೂಡ ಈಗ ರೋಗಿಯ ಪರವಾಗಿದೆ. 2018ರ ಮೇ 29ರಂದು ಜಾರಿಗೆ ಬಂದ 2017ರ ಮಾನಸಿಕ ಆರೋಗ್ಯ ರಕ್ಷಣಾ ಕಾಯ್ದೆಯು ಮನೋರೋಗಿಯನ್ನು ಸರಪಳಿಯಲ್ಲಿ ಕಟ್ಟುವುದನ್ನು ನಿಷೇಧಿಸಿದೆ. ಮನೆಯವರು ಒಲ್ಲೆನೆಂದರು ಎಂಬ ಕಾರಣಕ್ಕೆ ಯಾರನ್ನೂ ಆಸ್ಪತ್ರೆಯಲ್ಲಿ ಉಳಿಸಿಕೊಳ್ಳುವಂತಿಲ್ಲ. ಸಮಾಜದ ನಡುವೆ ಬಾಳುವುದು ಅವರ ಹಕ್ಕು ಎಂದು ಅದು ಸಾರಿದೆ. ದೆವ್ವ ಬಿಡಿಸುವ ನೆಪದಲ್ಲಿ ಹೊಡೆಯುವುದು, ಕಟ್ಟುವುದು, ಮೆಣಸಿನಕಾಯಿ ಹೊಗೆ ಹಾಕುವುದು ಮಹಾರಾಷ್ಟ್ರದ 2013ರ ಮಾಟಮಂತ್ರ ವಿರೋಧಿ ಕಾಯ್ದೆಯಂತೆ ಅಪರಾಧ. 2016ರ ಅಂಗವಿಕಲರ ಹಕ್ಕುಗಳ ಕಾಯ್ದೆಯಲ್ಲಿ ಮನೋರೋಗವೂ ಸೇರಿರುವುದರಿಂದ, ದೀರ್ಘ ಕಾಲ ಬಳಲಿದವರು ಅದರ ಪ್ರಮಾಣಪತ್ರಕ್ಕೆ ಅರ್ಜಿ ಹಾಕಬಹುದು.

ಗಡಿನಾಡಿನ ಕನ್ನಡ ಮನೆಗಳಿಗೆ ಇವೆಲ್ಲದರ ಮೇಲೆ ಇನ್ನೊಂದು ತೊಡಕಿದೆ. ಮೈಯ ನೋವನ್ನು ಕೈತೋರಿಸಿಯಾದರೂ ಹೇಳಬಹುದು, ಮನಸ್ಸಿನ ನೋವನ್ನು ಮಾತಿನಲ್ಲಿಯೇ ಹೇಳಬೇಕು. ‘ಜೀವಕ್ಕ ಸಮಾಧಾನ ಇಲ್ಲ’, ‘ಎದಿ ಡವಡವ ಅಂತದ’, ‘ಯಾರೋ ಕರದಂಗ ಆಗ್ತದ’ ಎಂದು ಮನೆಯಲ್ಲಿ ಹೇಳುವ ಮುದುಕಿ, ಮರಾಠಿಯಲ್ಲಿ ಪ್ರಶ್ನೆ ಕೇಳುವ ವೈದ್ಯರ ಮುಂದೆ ‘ತಲೆ ನೋಯುತ್ತದೆ’ ಎಂದಷ್ಟೇ ಹೇಳಿ ತಲೆನೋವಿನ ಗುಳಿಗೆಯೊಂದಿಗೆ ಮರಳುತ್ತಾಳೆ. ವ್ಯಾಪಾರಕ್ಕೆ ಸಾಕಾಗುವ ಮರಾಠಿ ಸಂಕಟಕ್ಕೆ ಸಾಕಾಗುವುದಿಲ್ಲ. ಆಗ ಮನೆಯವರು ಎರಡೂ ಭಾಷೆ ಬಲ್ಲ ಶಾಲೆಯ ಹುಡುಗನನ್ನೋ ಹುಡುಗಿಯನ್ನೋ ದುಭಾಷಿಯಾಗಿ ಕರೆದೊಯ್ಯುತ್ತಾರೆ. ಸಾಯಬೇಕೆನಿಸುತ್ತದೆ ಎಂಬ ಮಾತನ್ನು ಅಜ್ಜಿ ಮೊಮ್ಮಗಳ ಬಾಯಿಂದ ಹೇಳಿಸಲಾರಳು, ಹೇಳಿದರೂ ಆ ಮಗು ಅದನ್ನು ಹೊರಲಾರದು. ಇದಕ್ಕೆ ವಯಸ್ಸಾದವರೊಬ್ಬರು, ಸಾಧ್ಯವಾದರೆ ಗಂಡನೋ ಮಗನೋ ಅಲ್ಲದ, ಗುಟ್ಟು ಕಾಯುವ ನೆರೆಯ ಹೆಂಗಸು ಜೊತೆಗೆ ಹೋಗುವುದು ಒಳ್ಳೆಯದು. ಎರಡೂ ಭಾಷೆ ಬಲ್ಲ ಆಶಾ ಕಾರ್ಯಕರ್ತೆ ಇದ್ದರೆ ಇನ್ನೂ ಒಳ್ಳೆಯದು.

ಕನ್ನಡದಲ್ಲಿಯೇ ಮಾತಾಡುವ ದಾರಿಯೊಂದು ಈಗ ಮನೆಯ ಫೋನಿನಲ್ಲಿಯೇ ಇದೆ. 2022ರ ಅಕ್ಟೋಬರ್ 10ರಂದು ಆರಂಭವಾದ ಸರ್ಕಾರಿ ‘ಟೆಲಿ ಮಾನಸ್’ ಸೇವೆಯ ಸಂಖ್ಯೆ 14416. ಹಗಲು ರಾತ್ರಿ ಯಾವಾಗ ಬೇಕಾದರೂ ಉಚಿತವಾಗಿ ಕರೆ ಮಾಡಬಹುದು. ಕನ್ನಡ, ಮರಾಠಿ ಸೇರಿ ಹಲವು ಭಾಷೆಗಳಲ್ಲಿ ಸಲಹೆ ಕೊಡುವ ವ್ಯವಸ್ಥೆಯಿದು. ಇನ್ನೊಂದು ದಾರಿ ಪುಸ್ತಕದ್ದು. ನಿಮ್ಹಾನ್ಸ್‌ನಲ್ಲಿ ಪ್ರಾಧ್ಯಾಪಕರಾಗಿದ್ದ, 2024ರಲ್ಲಿ ಪದ್ಮಶ್ರೀ ಪಡೆದ ಡಾ. ಸಿ. ಆರ್. ಚಂದ್ರಶೇಖರ್ ಅವರು ಮನಸ್ಸಿನ ಆರೋಗ್ಯವನ್ನು ಕುರಿತು ಸರಳ ಕನ್ನಡದಲ್ಲಿ ಬಹುಸಂಖ್ಯೆಯ ಪುಸ್ತಕಗಳನ್ನು ಬರೆದಿದ್ದಾರೆ. ಕನ್ನಡ ಶಾಲೆಯ ಮಗು ಅವನ್ನು ಓದಿ ಹೇಳಬಲ್ಲದು. ಗಡಿಯಾಚೆ ಕನ್ನಡ ಕಲಿತರೆ ಏನು ಪ್ರಯೋಜನ ಎಂದು ಕೇಳುವವರಿಗೆ ಇದೂ ಒಂದು ಉತ್ತರ.

ಇನ್ನು ಊರು ಮಾಡಬಹುದಾದ ಕೆಲಸ. ಅದಕ್ಕೆ ಹಣವಾಗಲಿ ಕಟ್ಟಡವಾಗಲಿ ಬೇಕಾಗಿಲ್ಲ. ಮೊದಲನೆಯದು ದುಡಿಮೆ. ಬೆಂಗಳೂರಿನಲ್ಲಿ 1986ರಿಂದ ಕೆಲಸ ಮಾಡುತ್ತಿರುವ ರಿಚ್‌ಮಂಡ್ ಫೆಲೋಶಿಪ್ ಸಂಸ್ಥೆಯಂಥ ಪುನರ್ವಸತಿ ಮನೆಗಳಲ್ಲಿ ರೋಗಿಗಳು ಸರತಿಯ ಮೇಲೆ ಅಡುಗೆ, ಕಸಗುಡಿಸುವುದು, ಕೈಕಸುಬುಗಳನ್ನು ಮಾಡುತ್ತಾರೆ. ಕೆಲಸವೇ ಅಲ್ಲಿ ಚಿಕಿತ್ಸೆಯ ಭಾಗ. ಹಳ್ಳಿಯಲ್ಲಿ ಆ ವ್ಯವಸ್ಥೆ ಹುಟ್ಟಿನಿಂದಲೇ ಇದೆ. ದನಕ್ಕೆ ನೀರು ಕುಡಿಸುವುದು, ತೊಗರಿ ಹಸನು ಮಾಡುವುದು, ಹಿತ್ತಲಿಗೆ ನೀರು ಹಾಯಿಸುವುದು ಹೀಗೆ ಒಂದು ಹೊತ್ತಿಗೆ ಒಂದೇ ಕೆಲಸ, ಮೊದಲು ಅರ್ಧ ದಿನ, ಆಮೇಲೆ ಪೂರ್ಣ ದಿನ. ಮಾಡಿದ ಕೆಲಸಕ್ಕೆ ಉಳಿದವರಷ್ಟೇ ಕೂಲಿ ಕೊಡಬೇಕು; ಹುಚ್ಚನೆಂದು ಊಟ ಹಾಕಿ ದುಡಿಸಿಕೊಳ್ಳುವುದು ಉಪಕಾರವಲ್ಲ, ಸುಲಿಗೆ. ಹತ್ತಿರದ ಬಸವಕಲ್ಯಾಣದಲ್ಲಿ ಹನ್ನೆರಡನೆಯ ಶತಮಾನದ ಶರಣರು ಕಾಯಕಕ್ಕೆ ಮೇಲುಕೀಳಿಲ್ಲವೆಂದು ಬಾಳಿ ತೋರಿಸಿದ ನಾಡಿಗೆ ಇದನ್ನು ಹೊಸದಾಗಿ ಕಲಿಸಬೇಕಾಗಿಲ್ಲ. ಮನುಷ್ಯನಿಗೆ ಸಮುದಾಯದಲ್ಲಿ ಪಾಲು ದೊರೆಯುವುದು ಅವನ ಕಾಯಕದಿಂದ.

ಎರಡನೆಯದು ಮಾತ್ರೆ. ರೋಗ ಇಳಿದೊಡನೆ ಮಾತ್ರೆ ಬಿಡುವುದರಿಂದಲೇ ಅನೇಕರಿಗೆ ಅದು ಮರುಕಳಿಸುತ್ತದೆ. ವೈದ್ಯರು ಹೇಳದೆ ನಿಲ್ಲಿಸಬಾರದು. ತಿಂಗಳ ಮಾತ್ರೆ ತರಲು ಒಬ್ಬರು ಜೊತೆಗೆ ಹೋದರೆ ಬಸ್ಸಿನ ದಾರಿಯೂ ಹಗುರ, ಮನಸ್ಸೂ ಹಗುರ. ನಿದ್ದೆ ಕೆಡುವುದು, ಊಟ ಬಿಡುವುದು, ತನ್ನಷ್ಟಕ್ಕೆ ಮಾತಾಡುವುದು, ಯಾರನ್ನೂ ನೋಡಲೊಲ್ಲೆನೆನ್ನುವುದು ಮತ್ತೆ ಆರಂಭವಾದರೆ ಅಮಾವಾಸ್ಯೆಯನ್ನು ಕಾಯದೆ ವೈದ್ಯರ ಹತ್ತಿರ ಹೋಗಬೇಕು. ಸಾಯುವ ಮಾತಾಡಿದರೆ ಅದನ್ನು ನಟನೆ ಎಂದು ತಳ್ಳಿಹಾಕದೆ, ಒಂಟಿಯಾಗಿ ಬಿಡದೆ, ಮನೆಯಲ್ಲಿರುವ ಕೀಟನಾಶಕದ ಡಬ್ಬಿಗೆ ಬೀಗ ಹಾಕಿ, ಅಂದೇ ನೆರವು ಪಡೆಯಬೇಕು.

ಮೂರನೆಯದು ರೋಗಿಯನ್ನು ನೋಡಿಕೊಳ್ಳುವವರ ಆಸರೆ. ಸಾಮಾನ್ಯವಾಗಿ ಅದು ತಾಯಿ ಅಥವಾ ಹೆಂಡತಿ. ವರ್ಷಗಟ್ಟಲೆ ರಾತ್ರಿ ಎಚ್ಚರವಿದ್ದು, ಊರಿನ ಮಾತು ಕೇಳಿ, ಕೂಲಿ ತಪ್ಪಿಸಿಕೊಂಡು ಅವಳೇ ಕುಸಿಯುತ್ತಾಳೆ. ವಾರಕ್ಕೊಂದು ಮಧ್ಯಾಹ್ನ ‘ಅಕ್ಕಾ, ಇವತ್ತು ನಾ ಕೂಡತೀನಿ, ನೀ ಹೋಗಿ ಮಲಗು’ ಎನ್ನುವ ಒಬ್ಬ ನೆರೆಯವಳು ಆ ಮನೆಗೆ ದೊಡ್ಡ ಆಸ್ತಿ. ಬಚತ್ ಗಟದ ಹತ್ತು ಹೆಂಗಸರು ಸರತಿ ಹಾಕಿಕೊಂಡರೆ ಒಬ್ಬೊಬ್ಬರಿಗೆ ಹತ್ತು ವಾರಕ್ಕೊಮ್ಮೆ ಒಂದು ಮಧ್ಯಾಹ್ನ ಬರುತ್ತದೆ.

ಕೊನೆಯದು ಶಾಲೆಗೆ ಸಂಬಂಧಿಸಿದ್ದು. ನಿಮ್ಹಾನ್ಸ್ 2015-16ರಲ್ಲಿ ನಡೆಸಿದ ರಾಷ್ಟ್ರೀಯ ಮಾನಸಿಕ ಆರೋಗ್ಯ ಸಮೀಕ್ಷೆಯ ಪ್ರಕಾರ ವಯಸ್ಕರಲ್ಲಿ ಶೇಕಡ 10.6ರಷ್ಟು ಜನ ಒಂದಲ್ಲ ಒಂದು ಮಾನಸಿಕ ತೊಂದರೆಯಿಂದ ಬಳಲುತ್ತಿದ್ದರು. ಹೆಚ್ಚುಕಡಿಮೆ ಹತ್ತರಲ್ಲಿ ಒಬ್ಬರು ಎಂದರೆ, ಒಂದು ತರಗತಿಯಲ್ಲಿ ಕೂತ ಮೂವತ್ತು ಮಕ್ಕಳಲ್ಲಿ ಕೆಲವರ ಮನೆಯಲ್ಲಾದರೂ ತಂದೆಯೋ ತಾಯಿಯೋ ಚಿಕ್ಕಪ್ಪನೋ ಹೀಗೆ ಬಳಲುತ್ತಿರುವ ಸಂಭವವಿದೆ. ಆ ಮಗು ಅದನ್ನು ಯಾರಿಗೂ ಹೇಳಿರುವುದಿಲ್ಲ. ಆಟದ ಬಯಲಿನಲ್ಲಿ ಇನ್ನೊಂದು ಮಗು ‘ನಿಮ್ಮಪ್ಪ ಹುಚ್ಚ’ ಎಂದ ದಿನದಿಂದ ಅದು ಶಾಲೆ ತಪ್ಪಿಸತೊಡಗುತ್ತದೆ. ಹಾಗೆ ಅಂದ ಮಗು ಆ ಪದವನ್ನು ತಾನಾಗಿ ಹುಟ್ಟಿಸಲಿಲ್ಲ, ತನ್ನ ಮನೆಯ ಪಡಸಾಲೆಯಲ್ಲಿ ಕೇಳಿತ್ತು. ಆದ್ದರಿಂದ ಊರನ್ನು ಆಸರೆಯಾಗಿಸುವ ಕೆಲಸ ಪಡಸಾಲೆಯಿಂದಲೇ ಆರಂಭವಾಗಬೇಕು. ಹಿರಿಯರು ‘ಹುಚ್ಚ’ ಎನ್ನುವಲ್ಲಿ ‘ಅವನಿಗೆ ಆರಾಮಿಲ್ಲ, ಮದ್ದು ನಡೆದಿದೆ’ ಎಂದರೆ ಮಕ್ಕಳೂ ಹಾಗೆಯೇ ಅನ್ನುತ್ತಾರೆ. ಮುಂದಿನ ಮದುವೆಯ ಕರೆಯನ್ನು ಆ ಮನೆಗೆ ಒಯ್ಯುವಾಗ ಅವನ ಹೆಸರನ್ನೂ ಹೇಳಿ ಕರೆದರೆ, ಪಂಕ್ತಿಯಲ್ಲಿ ಅವನ ಎಡಬಲಕ್ಕೆ ಇಬ್ಬರು ಕೂತು ಉಂಡರೆ, ಆಸ್ಪತ್ರೆ ಆರಂಭಿಸಿದ ಕೆಲಸ ಊರಿನಲ್ಲಿ ಮುಂದುವರಿಯುತ್ತದೆ.